ಪಿಂಟ್ಯಾ ಬಿಡುವುದಿಲ್ಲ

ವಿಶ್ರಾಮಬಾಗ, ಸಾಂಗಲಿ
14 ಜೂನ್ 1998

ರಾಜಿಗೆ ಅಕ್ಕನ ಆಶೀರ್ವಾದ.

ಒಂಬತ್ತು ಕಿಲೋಮೀಟರಿನಾಚೆ ಮಿರಜದಲ್ಲಿರುವ ತಂಗಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ಮಗ ಸಂಮೇದ ನಗುತ್ತಾನೆ. ಫೋನು ಇದೆಯಲ್ಲ ಎನ್ನುತ್ತಾನೆ. ಫೋನು ಇರುವುದು ಹಾಲಿನ ನಟ್ಟನಡುವೆ. ಅದರ ಸುತ್ತ ಗಂಡ, ಮಗ, ಮಗಳು, ಸಾಲದ್ದಕ್ಕೆ ನಾಯಿ. ಕಾಗದವಾದರೆ ಮೇಜಿನ ಮೇಲೆ ತೆರೆದಿಟ್ಟರೂ ಚಿಂತೆಯಿಲ್ಲ. ಈ ಮನೆಯಲ್ಲಿ ಎಲ್ಲರಿಗೂ ಕನ್ನಡ ತಿಳಿಯುತ್ತದೆ, ಓದಲು ಮಾತ್ರ ಒಬ್ಬರಿಗೂ ಬರುವುದಿಲ್ಲ. ಶೇಡಬಾಳದ ಕನ್ನಡ ಶಾಲೆಯಲ್ಲಿ ನಮ್ಮಿಬ್ಬರನ್ನು ಏಳನೆಯವರೆಗೆ ಕೂರಿಸಿದ ಅಪ್ಪನಿಗೆ ಅದು ಹೀಗೆ ಉಪಯೋಗಕ್ಕೆ ಬರುತ್ತದೆಂದು ಗೊತ್ತಿತ್ತೋ ಇಲ್ಲವೋ.

ನಾಯಿಯ ವಿಷಯ ನೀನು ಕೇಳಿದ್ದೆ. ಮಾಧವನಗರದ ಮನೆ ಮಾರಿ ಈ ಮೂರನೆಯ ಮಹಡಿಗೆ ಬಂದಾಗಿನಿಂದ ಸಂಮೇದನ ಟೀವಿ ಅಂಗಡಿ ಚೆನ್ನಾಗಿ ನಡೆದಿದೆ. ಬಿಲ್ಡಿಂಗಿನ ಎಲ್ಲರ ಮನೆಯಲ್ಲೂ ನಾಯಿ ಇದೆ ಎಂದು ಅವನೂ ಒಂದು ಬಿಳಿ ಕೂದಲಿನ ಉಂಡೆಯನ್ನು ತಂದ. ನಮ್ಮವರು ಬಾಗಿಲಲ್ಲೇ ಅಡ್ಡ ನಿಂತರು. ಅರಿಶಿಣದ ಪೇಟೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದ ಮನುಷ್ಯ, ಯಾರ ಮಾತಿಗೂ ಬಗ್ಗಿದವರಲ್ಲ. ಈಗ ಆ ನಾಯಿ ಅವರನ್ನು ದಿನಕ್ಕೆ ನಾಲ್ಕು ಸಲ ಕುರ್ಚಿಯಿಂದ ಎಬ್ಬಿಸುತ್ತದೆ. ಹೇಗೆ ಎನ್ನುತ್ತೀಯಾ? ಪಿಂಟ್ಯಾನಿಗೆ ಫ್ಯಾನಿನ ಕೆಳಗಿನ ಕುರ್ಚಿಯೇ ಬೇಕು. ಇವರು ಅಲ್ಲಿ ಕೂತಿದ್ದರೆ ಸೀದಾ ಬಾಗಿಲಿಗೆ ಹೋಗಿ ಯಾರೋ ಬಂದಂತೆ ಬೊಗಳುತ್ತಾನೆ. ಇವರು ಎದ್ದು ಹೋಗಿ ಬಾಗಿಲು ತೆರೆದು ನೋಡಿದರೆ ಹೊರಗೆ ಯಾರೂ ಇರುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಮಹಾಶಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾನೆ. ತಿಂಗಳಿನಿಂದ ಇದೇ ಆಟ. ಇವರು ಪ್ರತಿ ಸಲವೂ ಏಳುತ್ತಾರೆ.

ಇನ್ನು ಕುಂಟುವುದು. ಮಾರ್ಚಿನಲ್ಲಿ ರಿಕ್ಷಾ ತಾಗಿ ಕಾಲು ಉಳುಕಿತ್ತು, ಎಂಟು ದಿನ ಅರಿಶಿಣ ಹಾಲು ಕುಡಿಸಿದೆ. ಈಗ ಗದರಿದರೆ ಸಾಕು, ಕುಂಟುತ್ತಾನೆ. ಯಾವ ಕಾಲು ಎಂಬುದು ಮಾತ್ರ ಅವನಿಗೆ ನೆನಪಿರುವುದಿಲ್ಲ. ಬೆಳಿಗ್ಗೆ ಎಡಗಾಲು, ಸಂಜೆ ಬಲಗಾಲು. ಗೊತ್ತಿದ್ದೂ ನಾನು ಹಾಲು ಕಾಯಿಸುತ್ತೇನೆ ನೋಡು.

ಏಪ್ರಿಲಿನಲ್ಲಿ ನಿನಗೆ ಹೇಳಿದ್ದೆನಲ್ಲ, ಎದೆಯ ಎಡಗಡೆ ಗಂಟು. ಅದು ಹಾಗೇ ಇದೆ. ನೋವಿಲ್ಲ. ಯಾರಿಗೂ ಹೇಳಬೇಡ. ಸಾಯಲಿಯನ್ನು ಇಚಲಕರಂಜಿಯ ಒಂದು ಮನೆಯವರು ಕೇಳುತ್ತಿದ್ದಾರೆ. ತಾಯಿಗೆ ಅಂಥ ರೋಗ ಎಂದು ಸುದ್ದಿಯಾದರೆ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?

ನಿನ್ನ ಅಕ್ಕ,
ಮಾಣಿಕಬಾಯಿ


ಮಿರಜ
22 ಜೂನ್ 1998

ಮಾಣಿಕಕ್ಕನಿಗೆ ರಾಜಮತಿಯ ಜಯ ಜಿನೇಂದ್ರ.

ಎರಡು ಪುಟ ನಾಯಿ, ನಾಲ್ಕು ಸಾಲು ಗಂಟು. ಓದಿ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ನನಗೆ ನಾಯಿಯ ಸುದ್ದಿ ಬೇಡ. ಗಂಟು ಬೆಳೆದಿದೆಯೋ ಇಲ್ಲವೋ ಅಷ್ಟು ಹೇಳು. ನೋವಿಲ್ಲ ಎಂದು ಬರೆದಿದ್ದೀಯ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕಂತೆ.

ಇದು ನನ್ನ ತಲೆಯಿಂದ ಬಂದ ಮಾತಲ್ಲ. ಹಿತ್ತಲಿನ ಎರಡು ಕೋಣೆಗಳನ್ನು ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರಿಗೆ ಬಾಡಿಗೆಗೆ ಕೊಡುತ್ತೇವಲ್ಲ, ಹನ್ನೊಂದು ವರ್ಷದಲ್ಲಿ ನಾನು ಅರ್ಧ ಡಾಕ್ಟರಾಗಿದ್ದೇನೆ. ಈಗ ಜಮಖಂಡಿ ಕಡೆಯ ಗುರುಶಾಂತವ್ವ ಎಂಬವರು ಇದ್ದಾರೆ. ಅವರಿಗೂ ಇದೇ, ಅದೇ ಜಾಗ. ಗೊತ್ತಾದ ವಾರಕ್ಕೇ ಬಂದರು. ಆಪರೇಶನ್ ಆಗಿ ಹದಿನೈದು ದಿನ, ಈಗ ನನ್ನ ಒಲೆಯ ಮುಂದೆ ಕೂತು ರೊಟ್ಟಿ ಹೀಗಲ್ಲ ಹಾಗೆ ಬಡಿ ಎಂದು ನನಗೇ ಪಾಠ ಹೇಳುತ್ತಾರೆ. ಅವರಿಗಿಂತ ಮೊದಲು ಅದೇ ಕೋಣೆಯಲ್ಲಿ ಇನ್ನೊಬ್ಬಳಿದ್ದಳು. ವರ್ಷವಿಡೀ ಮುಚ್ಚಿಟ್ಟುಕೊಂಡು ಬಂದವಳು. ಅವಳ ಸುದ್ದಿ ಬರೆಯುವುದಿಲ್ಲ.

ಮಂಗಳವಾರ, ಶುಕ್ರವಾರ ಹೆಣ್ಣು ಡಾಕ್ಟರು ಕೂಡುತ್ತಾರೆ. ನಾನು ಜೊತೆಗಿರುತ್ತೇನೆ. ಮನೆಯಲ್ಲಿ ತಂಗಿಯನ್ನು ನೋಡಲು ಹೋಗುತ್ತೇನೆ ಎಂದು ಹೇಳು. ಅದು ಸುಳ್ಳೂ ಅಲ್ಲ.

ದಾರಿ ಕಾಯುವ,
ರಾಜಿ


ಸಾಂಗಲಿ
12 ಜುಲೈ 1998

ರಾಜಿಗೆ ಆಶೀರ್ವಾದ.

ಬರಲಿಲ್ಲವೆಂದು ಸಿಟ್ಟಾಗಬೇಡ. ಹೊರಟಿದ್ದೆ, ಕಳೆದ ವಾರವೇ ಹೊರಟಿದ್ದೆ. ಪಿಂಟ್ಯಾ ಬಿಡಲಿಲ್ಲ.

ನಗಬೇಡ. ಮನೆಯಲ್ಲಿ ಉಡುವ ಸೀರೆಗೂ ಹೊರಗೆ ಹೋಗುವ ಸೀರೆಗೂ ವ್ಯತ್ಯಾಸ ಅವನಿಗೆ ತಿಳಿಯುತ್ತದೆ. ಕಪಾಟಿನಿಂದ ಇಳಕಲ್ ಸೀರೆ ತೆಗೆದೆ, ಅಷ್ಟಕ್ಕೇ ನಡುಗಲು ಶುರು. ಮೊದಲು ಕಿವಿ, ಆಮೇಲೆ ಮೈಯೆಲ್ಲ. ನನ್ನ ಎರಡೂ ಚಪ್ಪಲಿಗಳ ಮೇಲೆ ಹೊಟ್ಟೆ ಊರಿ ಮಲಗಿ ಓಕರಿಸಿದ. ಕೆಳಗಿನಿಂದ ಸಾತವ್ವನನ್ನು ಕರೆದೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಪರಸಪ್ಪನ ಹೆಂಡತಿ, ವಿಜಾಪುರದ ಕಡೆಯವಳು. ಈ ಕಟ್ಟಡದಲ್ಲಿ ನಾನು ಬಾಯ್ತುಂಬ ಕನ್ನಡ ಆಡುವುದು ಅವಳೊಬ್ಬಳ ಜೊತೆ. ಅವಳು ಬಗ್ಗಿ ನೋಡಿ, "ಬಾಯಾರ, ಇದಕ್ಕ ಏನೂ ಆಗಿಲ್ರಿ, ನೀವು ಹೋಗ್ರಿ" ಎಂದಳು. ಆದರೂ ನನಗೆ ಮನಸ್ಸಾಗಲಿಲ್ಲ. ಸೀರೆ ಮಡಿಸಿಟ್ಟೆ. ಎರಡು ನಿಮಿಷಕ್ಕೆ ಎದ್ದು ಚೆಂಡು ತಂದು ನನ್ನ ಕಾಲ ಬಳಿ ಇಟ್ಟ.

ಇನ್ನು ಚಾತುರ್ಮಾಸ ಶುರುವಾಯಿತು. ಇಲ್ಲಿಯ ಬಸದಿಗೆ ಮುನಿಗಳು ಬಂದಿದ್ದಾರೆ. ಎಲ್ಲರೂ ಒಂದೊಂದು ನೇಮ ತೆಗೆದುಕೊಂಡರು. ಒಬ್ಬರು ಸಿಹಿ ಬಿಟ್ಟರು, ಒಬ್ಬರು ಹಸಿರು ತರಕಾರಿ ಬಿಟ್ಟರು. ದೀಪಾವಳಿಯವರೆಗೆ ಊರಿನ ಹದ್ದು ದಾಟುವುದಿಲ್ಲ ಎಂದು ನಾನು ತೆಗೆದುಕೊಂಡೆ. ಹಿರಿಯರು ತೆಗೆದುಕೊಳ್ಳುತ್ತಿದ್ದ ನೇಮವೇ ಇದು, ನಾನೇನು ಹೊಸದಾಗಿ ಹುಟ್ಟಿಸಲಿಲ್ಲ.

ಇನ್ನೂ ಒಂದು ಮಾತು. ಮಿರಜದ ಆಸ್ಪತ್ರೆಯ ಮೆಟ್ಟಿಲೆಂದರೆ ನಮ್ಮವರ ಮದುವೆ ಮಂಟಪ ಇದ್ದ ಹಾಗೆ, ಯಾವಾಗ ಹೋದರೂ ನಾಲ್ಕು ಜನ ನೆಂಟರು ಸಿಗುತ್ತಾರೆ. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳಲಿ? ಇಚಲಕರಂಜಿಯವರು ಆಗಸ್ಟಿನಲ್ಲಿ ಹುಡುಗಿಯನ್ನು ನೋಡಲು ಬರುತ್ತಾರೆ. ಅದೊಂದು ಆಗಲಿ.

ನಿನ್ನ ಅಕ್ಕ,
ಮಾಣಿಕಬಾಯಿ


ಮಿರಜ
20 ಜುಲೈ 1998

ಮಾಣಿಕಕ್ಕನಿಗೆ,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ ಈ ಸಲ.

ನಾಯಿಗೆ ನಾಟಕ ಬರುತ್ತದೆ ಎಂದು ನೀನೇ ಬರೆಯುತ್ತೀಯ. ಆ ನಾಟಕಕ್ಕೆ ಟಿಕೀಟು ತೆಗೆದುಕೊಂಡು ಮುಂದಿನ ಸಾಲಿನಲ್ಲಿ ಕೂಡುವವಳೂ ನೀನೇ. ಅದು ನಿನ್ನನ್ನು ಹಿಡಿದಿಟ್ಟಿಲ್ಲ ಅಕ್ಕಾ. ನೀನು ಅದನ್ನು ಹಿಡಿದುಕೊಂಡು ಕೂತಿದ್ದೀಯ.

ನೇಮದ ಮಾತಿಗೆ ಬರೋಣ. ಊರಿನ ಹದ್ದು ಎಂದೆ. ಫೆಬ್ರವರಿಯಿಂದ ಸಾಂಗಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆ ಆಗಿದೆ, ಪೇಪರು ಓದುತ್ತೀಯೋ ಇಲ್ಲವೋ? ನಿನ್ನ ಮನೆಯ ಕಸ, ನನ್ನ ಮನೆಯ ಕಸ ಒಂದೇ ಕಚೇರಿಯ ಲೆಕ್ಕ. ನಮ್ಮ ಓಣಿಯ ತುದಿಗೆ ಅವರ ಫಲಕ ನೆಟ್ಟು ಮೂರು ತಿಂಗಳಾಯಿತು. ಹದ್ದು ದಾಟದೆಯೇ ನೀನು ಡಾಕ್ಟರ ಮೇಜಿನ ಮುಂದೆ ಬಂದು ಕೂಡಬಹುದು. ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನೂ ಕೇಳಿದೆ, ಯಾರಿಗಾಗಿ ಎಂದು ಹೇಳಲಿಲ್ಲ. ನೇಮ ಇರುವುದು ಆಸೆ ಕಡಿಮೆ ಮಾಡಿಕೊಳ್ಳಲಿಕ್ಕೆ, ಅಡಗಿ ಕೂಡಲಿಕ್ಕಲ್ಲ ಎಂದರು.

ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ಅವ್ವನೂ ಹೀಗೇ ಮುಚ್ಚಿಟ್ಟಿದ್ದಳು. ನಿನ್ನ ಲಗ್ನ ಆಗಲಿ ಎಂದು ಒಂದು ವರ್ಷ. ನಿನ್ನ ಲಗ್ನವಾಯಿತು, ನನ್ನ ಲಗ್ನಕ್ಕೆ ಅವಳಿರಲಿಲ್ಲ. ಸೋದರತ್ತೆ ನನಗೆ ಅರಿಶಿಣ ಹಚ್ಚುವಾಗ ನೀನು ಅಡುಗೆ ಮನೆಯಲ್ಲಿ ಅಳುತ್ತಾ ನಿಂತಿದ್ದೆ. ನಾನು ನೋಡಿದ್ದೇನೆ.

ರಾಜಿ


ಸಾಂಗಲಿ
9 ಆಗಸ್ಟ್ 1998

ರಾಜಿಗೆ,

ಅವ್ವನ ಹೆಸರು ಎತ್ತಬೇಡ.

ಮುನಿಗಳ ಮುಂದೆ ತೆಗೆದುಕೊಂಡ ನೇಮಕ್ಕೆ ಮಹಾನಗರಪಾಲಿಕೆಯವರ ಹದ್ದು ನಡೆಯುವುದಿಲ್ಲ. ಆ ಲೆಕ್ಕದಲ್ಲಿ ಅವರು ನಾಳೆ ಕೊಲ್ಲಾಪುರವನ್ನೂ ಸೇರಿಸಿಕೊಂಡಾರು.

ಪಿಂಟ್ಯಾನನ್ನು ನೀನು ನಾಟಕದವನೆಂದೆ. ಅವನ ಒಂದು ಗುಣ ನಿನಗೆ ಗೊತ್ತಿಲ್ಲ. ನಾವು ಹೊತ್ತು ಮುಳುಗುವುದರೊಳಗೆ ಉಂಡು ಏಳುತ್ತೇವೆ, ಅವನೂ ನಮ್ಮ ಜೊತೆಗೇ ಹಾಲು ರೊಟ್ಟಿ ತಿನ್ನುತ್ತಾನೆ. ಆಮೇಲೆ ರಾತ್ರಿ ಏನು ಇಟ್ಟರೂ ಮೂಸುವುದಿಲ್ಲ. ಸಂಮೇದ ಒಮ್ಮೆ ಬಿಸ್ಕೀಟು ಹಿಡಿದರೆ ಮುಖ ತಿರುಗಿಸಿದ. ಯಾರು ಕಲಿಸಿದರು ಹೇಳು. ಬಸದಿಯಲ್ಲಿ ನಾಲ್ಕು ಜನರಿಗೆ ಹೇಳಿದೆ, ಅವರು ಮಕ್ಕಳನ್ನು ಕರೆದುಕೊಂಡು ಬಂದು ನೋಡಿ ಹೋದರು. ಹಿಂದಿನ ಜನ್ಮದ ಪುಣ್ಯಜೀವ ಎಂದರು. ಉಂಡಾದ ಮೇಲೆ ಒಂದು ತಾಸು ಕೆಳಗೆ ಅಂಗಳದಲ್ಲಿ ಅಡ್ಡಾಡಿ ಬರುತ್ತಾನೆ, ಅಷ್ಟೇ ಅವನ ಹವ್ಯಾಸ.

ಇಚಲಕರಂಜಿಯವರು ಬಂದು ಹೋದರು. ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದಳು ಎಂದು ಅನ್ನಿಸಿತು. ತಟ್ಟೆ ಎತ್ತುವಾಗ ಸೆರಗು ಎರಡು ಸಲ ಸರಿ ಮಾಡಿಕೊಂಡೆ. ಉತ್ತರ ಇನ್ನೂ ಬಂದಿಲ್ಲ. ಕೂತಲ್ಲಿ ಕೂಡಲಾಗುತ್ತಿಲ್ಲ. ಗೋಧಿ ಆರಿಸುತ್ತೇನೆ, ಅರ್ಧಕ್ಕೆ ಬಿಟ್ಟು ಕಿಟಕಿ ಒರೆಸುತ್ತೇನೆ, ಅದನ್ನೂ ಬಿಟ್ಟು ಬಾಲ್ಕನಿಗೆ ಹೋಗುತ್ತೇನೆ. ಪಿಂಟ್ಯಾ ಹಿಂದೆ ಹಿಂದೆ.

ನೀನು ಕೇಳಿದ್ದಕ್ಕೆ: ಹುಣಸೆ ಬೀಜದಷ್ಟಿತ್ತು. ಈಗ ಅಡಿಕೆಯಷ್ಟಿದೆ.

ಸಾಯಲಿ ಬಂದಳು, ಮುಗಿಸುತ್ತೇನೆ.

ಮಾಣಿಕಬಾಯಿ


ಮಿರಜ
7 ಸೆಪ್ಟೆಂಬರ್ 1998, ಕ್ಷಮಾವಣಿ

ಮಾಣಿಕಕ್ಕನಿಗೆ,

ಕಳೆದ ವರ್ಷವಿಡೀ ಮಾತಿನಿಂದ, ಮನಸ್ಸಿನಿಂದ, ನಡತೆಯಿಂದ ನಿನಗೆ ನೋವು ಮಾಡಿದ್ದರೆ ಕ್ಷಮಿಸು. ಪ್ರತಿ ವರ್ಷ ಪರ್ವ ಮುಗಿದ ಮೇಲೆ ಈ ಸಾಲು ಬರೆಯುತ್ತೇನೆ, ಯಾವ ತಪ್ಪಿಗೆ ಎಂದು ನನಗೂ ಗೊತ್ತಿರುವುದಿಲ್ಲ. ಈ ವರ್ಷ ನಿಜವಾದ ತಪ್ಪೊಂದಿದೆ. ನಿನ್ನ ನಾಯಿಯನ್ನು ನಾನು ಕದ್ದಿದ್ದೇನೆ.

ನಾಲ್ಕು ವಾರ ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಹವೆ, ಮಳೆ, ಸಾಯಲಿ. ತಡೆಯಲಾಗದೆ ಇವತ್ತು ಸಂಜೆ ಬಂದೆ. ನೀನು ಬಸದಿಯಲ್ಲಿ ಊರವರ ಕ್ಷಮೆ ಕೇಳುತ್ತಿದ್ದೆಯಂತೆ, ಮನೆಯಲ್ಲಿ ಎಲ್ಲರೂ ಅಲ್ಲಿಗೇ ಹೋಗಿದ್ದರು. ಕೆಳಗೆ ಸಾತವ್ವ ಚಹಾ ಕೊಟ್ಟಳು. ಅವಳ ಒಲೆಯ ಪಕ್ಕದಲ್ಲಿ ನಿನ್ನ ಪುಣ್ಯಜೀವ ಕೂತಿತ್ತು. ಮುಂದೆ ತಾಟಿನಲ್ಲಿ ಒಣಮೀನು, ಮೇಲೆ ಅರ್ಧ ತತ್ತಿ. ಹೊತ್ತು ಮುಳುಗಿ ಅರ್ಧ ತಾಸಾಗಿತ್ತು. ದಿನಾ ಬರುತ್ತದಂತೆ. ಬಂದ ಮೊದಲ ದಿನ ಕುಂಟಿ ತೋರಿಸಿತಂತೆ, ಅವಳಿಗೆ ಕನಿಕರ ಬಂತು. ನಿನಗೆ ಹೇಳಿದರೆ ನಾಯಿಯನ್ನು ಕೆಳಗೆ ಬಿಡುವುದಿಲ್ಲ ಎಂದು ಸುಮ್ಮನಿದ್ದಾಳೆ. ಮಕ್ಕಳನ್ನೂ ಕರೆದುಕೊಂಡು ಬಂದು ದರ್ಶನ ಮಾಡಿದರು ಎಂದೆಯಲ್ಲ, ಅವರಿಗೆ ನೀನೇ ಹೇಳಿಕೋ.

ಸಾತವ್ವನಿಗೆ ಹೇಳಿ ಅದನ್ನು ಚೀಲದಲ್ಲಿ ಹಾಕಿಕೊಂಡು ರಿಕ್ಷಾ ಹತ್ತಿದೆ. ನಿನ್ನನ್ನು ಬಿಟ್ಟು ಒಂದು ಗಳಿಗೆ ಇರುವುದಿಲ್ಲ ಎಂದಿದ್ದೆ. ಒಂದು ಬಿಸ್ಕೀಟಿಗೆ ಬಂದಿತು ಅಕ್ಕಾ. ದಾರಿಯುದ್ದಕ್ಕೂ ಚೀಲದಿಂದ ತಲೆ ಹೊರಗೆ ಹಾಕಿ ಗಾಳಿ ತಿನ್ನುತ್ತಿತ್ತು. ಈಗ ನಮ್ಮವರ ಚಾಪೆಯ ಮೇಲೆ ಮಲಗಿದೆ, ನಮ್ಮವರು ನೆಲದ ಮೇಲಿದ್ದಾರೆ.

ಪಿಂಟ್ಯಾ ಬಿಡುವುದಿಲ್ಲ ಎಂಬ ಮಾತು ಇನ್ನು ನಡೆಯುವುದಿಲ್ಲ. ಅವನು ಇಲ್ಲಿದ್ದಾನೆ. ಬೇಕಾದರೆ ಬಾ. ಶುಕ್ರವಾರ ಬಾ.

ಕ್ಷಮೆ ಕೇಳುವ,
ರಾಜಿ


ಸಾಂಗಲಿ
9 ಸೆಪ್ಟೆಂಬರ್ 1998

ರಾಜಮತಿಗೆ,

ಇದು ಚೇಷ್ಟೆಯ ವಯಸ್ಸಲ್ಲ. ಮೊಮ್ಮಕ್ಕಳು ಬರುವ ಹೊತ್ತಿಗೆ ನಾಯಿ ಕದಿಯುತ್ತೀಯ.

ಒಣಮೀನಿನ ಮಾತು ನಂಬಲಿಲ್ಲ. ಆಮೇಲೆ ಸಾತವ್ವನನ್ನು ಕೇಳಿದೆ, ಅವಳು ಅತ್ತಳು. ನನಗೂ ಅಳು ಬಂತು, ನಾಯಿಗಾಗಿ ಅಲ್ಲ. ಎಲ್ಲರೂ ನನಗೆ ತಿಳಿಯದ ಹಾಗೆ ಏನೋ ಮಾಡುತ್ತಿದ್ದಾರೆ ಎನ್ನಿಸಿತು.

ಮನೆ ಬಿಕೋ ಎನ್ನುತ್ತಿದೆ. ಸಂಮೇದನಿಗೆ ರಾಜಿ ಮಾವಶಿ ನಾಲ್ಕು ದಿನ ಇಟ್ಟುಕೊಂಡಿದ್ದಾಳೆ ಎಂದೆ. ನಮ್ಮವರು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಕುರ್ಚಿ ಖಾಲಿ ಇದ್ದರೂ ಅದರಲ್ಲಿ ಕೂಡುವುದಿಲ್ಲ, ಬಾಗಿಲಿಗೂ ಹಾಲಿಗೂ ನಡೆದಾಡುತ್ತಾರೆ. ನಾಯಿ ಬೇಡ ಎಂದವರು ಇವರೇ.

ಯಾರ ಕೈಯಲ್ಲಾದರೂ ಕಳಿಸಿಕೊಡು. ನಾನು ಬರುವುದಿಲ್ಲ. ಬರಲು ಆಗುವುದಿಲ್ಲ ರಾಜಿ. ಡಾಕ್ಟರು ಬಾಯಿ ತೆರೆದು ಹೆಸರು ಹೇಳುವವರೆಗೆ ಅದು ಬರೀ ಗಂಟು. ಹೇಳಿದ ಮೇಲೆ ನಾನು ಅವ್ವ ಆಗುತ್ತೇನೆ.

ಮಾಣಿಕಬಾಯಿ


ಮಿರಜ
12 ಸೆಪ್ಟೆಂಬರ್ 1998

ಅಕ್ಕಾ,

ಇದನ್ನು ಕೂತು ಓದು. ಒಬ್ಬಳೇ ಇದ್ದಾಗ ಓದು.

ನಿನಗಾಗಿ ನಿನ್ನೆ ದಿನವಿಡೀ ಬಾಗಿಲು ನೋಡಿದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಂದವರು ದಾಜಿ. ನಿನ್ನ ಗಂಡ ಒಬ್ಬರೇ ನಮ್ಮ ಮನೆಗೆ ಬಂದದ್ದು ನನ್ನ ಲಗ್ನವಾದ ಮೇಲೆ ಇದೇ ಮೊದಲು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪಿಂಟ್ಯಾನ ಬಟ್ಟಲು. ನಾಯಿ ಅವರನ್ನು ನೋಡಿದ ಕೂಡಲೇ ಮೂರು ಕಾಲಿನಲ್ಲಿ ಕುಂಟುತ್ತಾ ಹೋಯಿತು, ಇಲ್ಲಿ ನಾನು ಹಿಂಸೆ ಕೊಟ್ಟ ಹಾಗೆ. ಅವರು ಅದನ್ನು ಎತ್ತಿಕೊಂಡು ಕೂತರು. ಚಹಾ ಕೊಟ್ಟೆ, ಕುಡಿಯಲಿಲ್ಲ. ಬಹಳ ಹೊತ್ತು ನಾಯಿಯ ಬೆನ್ನು ಸವರಿ, ಕೊನೆಗೆ ತಲೆ ಎತ್ತದೆ ಕೇಳಿದರು.

"ರಾಜಮತಿ, ಎದಿ ಗಂಟು ನೋಡೋ ಡಾಕ್ಟರ್ ಇಲ್ಲಿ ಯಾರು ಚಲೋ ಅದಾರ?"

ನಾನು ಏನೂ ಹೇಳಿಲ್ಲ ಅಕ್ಕಾ, ನಮ್ಮವರಿಗೂ ಹೇಳಿಲ್ಲ. ಅವರೇ ತಿಳಿದಿದ್ದಾರೆ. ಹೇಗೆ ಎಂದು ಕೇಳಿದೆ. ಪಿಂಟ್ಯಾ ತೊಡೆ ಹತ್ತಿದಾಗ ಮೊದಲು ನೀನು ಎಡಗಡೆಗೆ ಒತ್ತಿ ಹಿಡಿಯುತ್ತಿದ್ದೆಯಂತೆ. ಬೇಸಿಗೆಯಿಂದ ಈಚೆಗೆ ಆ ಕಡೆ ಬಂದರೆ ತಳ್ಳಿ ಬಲಗಡೆಗೆ ತೆಗೆದುಕೊಳ್ಳುತ್ತೀಯಂತೆ. ಒಮ್ಮೆ ಅದರ ಕಾಲು ತಾಗಿದಾಗ ನಿನ್ನ ಮುಖ ನೋಡಿದರಂತೆ. ಎದುರು ಕುರ್ಚಿಯಲ್ಲಿ ಕೂತ ಮನುಷ್ಯ ನಾಲ್ಕು ತಿಂಗಳಿನಿಂದ ಇದನ್ನೇ ನೋಡುತ್ತಿದ್ದಾರೆ.

ಹಾಗಾದರೆ ಯಾಕೆ ಕೇಳಲಿಲ್ಲ ಎಂದು ನಾನು ಜಗಳಕ್ಕೇ ನಿಂತೆ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಆಕಿ ತಾನ ಹೇಳ್ಲಿ ಅಂತ ಕಾಯಾಕತ್ತೇನಿ. ಕೇಳಿದ್ರ ಹೌದು ಅಂದಾಳು ಅಂತ ಹೆದರಿಕಿ. ಎದರಿಗಿ ಕುಂದ್ರಾಕ ಆಗೂದಿಲ್ಲ ನನಗ. ಅದಕ್ಕ ಈ ನಾಯಿ ಬೊಗಳಿದ ಕೂಡ್ಲೇ ಏಳತೇನಿ. ಹೊರಗ ಯಾರೂ ಇಲ್ಲ ಅಂತ ನನಗ ಗೊತ್ತಿರತೈತಿ."

ಇಷ್ಟು ಹೇಳಿ ಅತ್ತರು. ನಾಯಿ ಅವರ ಗಲ್ಲ ನೆಕ್ಕುತ್ತಿತ್ತು. ಅದು ನಾಟಕವೋ ನಿಜವೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಆಗಲಿಲ್ಲ.

ಡಾಕ್ಟರ ಹೆಸರು, ದಿನ, ವೇಳೆ ಎಲ್ಲ ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಟ್ಟಿದ್ದೇನೆ, ಅವರ ಅಂಗಿಯ ಜೇಬಿನಲ್ಲಿದೆ. ತಮಗೆ ಗೊತ್ತಿದೆ ಎಂದು ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡು, ನಾಯಿಯನ್ನೂ ಎತ್ತಿಕೊಂಡು ಹೋದರು. ಬಸ್ಸು ಹೊರಡುವ ಮೊದಲೇ ಆ ಮಾತು ಮುರಿಯಲು ಕೂತಿದ್ದೇನೆ. ಅದರ ಕ್ಷಮೆಯನ್ನು ಬರುವ ವರ್ಷ ಕೇಳುತ್ತೇನೆ, ನೀನು ಬರುವ ವರ್ಷ ಇರು.

ರಾಜಿ


ಸಾಂಗಲಿ
15 ಸೆಪ್ಟೆಂಬರ್ 1998

ರಾಜಿಗೆ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಕೆಳಗಿನಿಂದ ತಂದವರು ಇವರೇ. "ರಾಜಮತೀದು" ಎಂದು ನನ್ನ ಕೈಗೆ ಕೊಟ್ಟು ಪೇಪರು ಬಿಡಿಸಿದರು. ಅದರಲ್ಲಿರುವುದು ತಮ್ಮದೇ ಗುಟ್ಟು ಎಂದು ಅವರಿಗೇನು ಗೊತ್ತು. ಅಲ್ಲೇ ನಿಂತು ಓದಿದೆ. ಮೊದಲು ಸಿಟ್ಟು ಬಂತು, ತಿಳಿದೂ ನಾಲ್ಕು ತಿಂಗಳು ಸುಮ್ಮನಿದ್ದರಲ್ಲ ಎಂದು. ಆಮೇಲೆ ನಾನು ಮಾಡಿದ್ದೂ ಅದನ್ನೇ ಎಂದು ಹೊಳೆದಾಗ ನಾಚಿಕೆಯಾಯಿತು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಿಂಟ್ಯಾ ಬಾಗಿಲಲ್ಲಿ ಬೊಗಳಿದ. ಇವರು ಏಳಲು ಹೊರಟರು. ನಾನು ಭುಜ ಹಿಡಿದು ಕೂರಿಸಿದೆ. "ಕುಂದ್ರಿ. ಯಾರೂ ಬಂದಿಲ್ಲ. ಇದನ್ನ ಓದತೇನಿ, ಕೇಳ್ರಿ" ಎಂದೆ.

ಮೊದಲ ಸಾಲಿನಿಂದ ಕೊನೆಯವರೆಗೆ ಓದಿದೆ ರಾಜಿ. ಅವರು ಆಡಿದ ಮಾತನ್ನೂ ಅವರಿಗೇ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಕೇಳಿದರು. ಓದಿ ಮುಗಿಸಿ ಅವರ ಕೈ ತೆಗೆದುಕೊಂಡು ಆ ಜಾಗದ ಮೇಲೆ ಇಟ್ಟೆ. ಇದಕ್ಕಿಂತ ಮೊದಲು ನನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈ ಅದನ್ನು ಮುಟ್ಟಿರಲಿಲ್ಲ. ಬಹಳ ಹೊತ್ತು ತೆಗೆಯಲೇ ಇಲ್ಲ.

ನಾನು ಸಾಯಲಿಯ ಹೆಸರು ಎತ್ತಿದೆ. ಇಚಲಕರಂಜಿಯವರು ಏನಂದಾರು ಎಂದೆ. ಅವರು ಹೇಳಿದ್ದು ಇಷ್ಟು: "ಲಗ್ನ ಆಗತೈತಿ, ಬಿಡತೈತಿ. ಆಕಿ ಲಗ್ನದಾಗ ನೀ ಇರಬೇಕು. ನನಗ ಅಷ್ಟ ಸಾಕು."

ಇವತ್ತು ಬೆಳಿಗ್ಗೆ ಇಬ್ಬರೂ ಬಸದಿಗೆ ಹೋಗಿ ಮುನಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಔಷಧಕ್ಕೆ ಹೋಗುವವರನ್ನು ನೇಮ ತಡೆಯುವುದಿಲ್ಲ, ನಿನಗೆ ಮೊದಲೇ ಗೊತ್ತಿತ್ತಲ್ಲವೇ ಎಂದು ಕೇಳಿದರು. ಗೊತ್ತಿತ್ತು ಎಂದೆ. ಪಿಂಟ್ಯಾ ಸಾತವ್ವನ ಮನೆಯಲ್ಲಿ ಇರುತ್ತಾನೆ. ಏನು ಬೇಕಾದರೂ ತಿನ್ನಲಿ, ನಾನು ಕೇಳುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಬಾಯಿಂದ ಬರುವುದಿಲ್ಲ, ಬರೆದರೆ ಬರುತ್ತದೆ. ಶುಕ್ರವಾರ ಎಂಟೂವರೆಯ ಬಸ್ಸಿಗೆ ಇಬ್ಬರೂ ಬರುತ್ತೇವೆ. ನನಗೆ ಬಹಳ ಹೆದರಿಕೆಯಾಗಿದೆ ರಾಜಿ. ಮನೆಯಲ್ಲಿ ಕಾಯಬೇಡ, ಬಸ್ಸು ನಿಲ್ಲುವಲ್ಲಿಗೇ ಬಾ. ಇಳಿಯುವಾಗ ನನಗೆ ನಿನ್ನ ಮುಖ ಕಾಣಬೇಕು.

ನಿನ್ನ ಅಕ್ಕ,
ಮಾಣಿಕ